ಗಡಿಯಲ್ಲಿ ಲಾರಿ ಸಾಲು: ಟ್ಯಾಗ್, ಕ್ಯಾಮೆರಾ, ತೂಕದ ಪಟ್ಟಿ, ಟೋಕನ್ – ಯಾವುದು ಎಲ್ಲಿಗೆ ಸರಿ?

ಪುಣೆ ಹೆದ್ದಾರಿಯ ಕೊಗನೊಳ್ಳಿಯಲ್ಲಿ ಕ್ಯಾಮೆರಾ ಹಾಕಿಸಿದರೆ ಸಾಲು ಕಡಿಮೆ ಆಗುತ್ತಾ? ಸೊಲ್ಲಾಪುರ ದಾರಿಯ ಝಳಕಿಯಲ್ಲಿ ಓಡುವಾಗಲೇ ತೂಗುವ ಯಂತ್ರ ಕೂರಿಸಬಹುದಾ? ಮಿರಜ ಕಡೆಯ ಕಾಗವಾಡದಂಥ ಸಣ್ಣ ಗಡಿಗೆ ಇದೆಲ್ಲ ಬೇಕಾ? ಲಾರಿ ಮಾಲೀಕರು, ಪಂಚಾಯಿತಿ ಸದಸ್ಯರು, ಕೊನೆ ವರ್ಷದ ಪ್ರಾಜೆಕ್ಟ್ ಹುಡುಕುವ ಇಂಜಿನಿಯರಿಂಗ್ ಹುಡುಗರು ಕೇಳುವ ಪ್ರಶ್ನೆಗಳಿವು. ಮಾರುವವರನ್ನು ಕೇಳಿದರೆ ತಮ್ಮ ಪೆಟ್ಟಿಗೆಯೇ ಮದ್ದು ಅನ್ನುತ್ತಾರೆ. ಅದಕ್ಕೇ ಮೊದಲು ಅಳತೆಗೋಲು ಇಟ್ಟುಕೊಳ್ಳೋಣ, ಆಮೇಲೆ ಪೆಟ್ಟಿಗೆ ನೋಡೋಣ.

ನಮ್ಮದು ದೇಶದ ಗಡಿ ಅಲ್ಲ, ರಾಜ್ಯದ ಗಡಿ – ಬೆಳಗಾವಿ, ವಿಜಯಪುರ ಜಿಲ್ಲೆಗಳು ಮಹಾರಾಷ್ಟ್ರ, ಗೋವಾ ಕಡೆ ಮುಗಿಯುವ ಜಾಗ. ಇಲ್ಲಿ ಪಾಸ್‌ಪೋರ್ಟ್ ಇಲ್ಲ, ಕಸ್ಟಮ್ಸ್ ಇಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಮೇಲೆ ಮಾರಾಟ ತೆರಿಗೆಗಾಗಿ ಗಡಿಯಲ್ಲಿ ಲಾರಿ ನಿಲ್ಲಿಸುವ ಕಾರಣವೂ ಹೋಯಿತು. 2018ರ ಏಪ್ರಿಲ್ 1ರಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ಇ-ವೇ ಬಿಲ್, ಅಂದರೆ ಆನ್‌ಲೈನ್‌ನಲ್ಲಿ ಮಾಡಿಸುವ ಸಾಗಣೆ ಚೀಟಿ, ಬಂತು. ಹಾಗಿದ್ದೂ ಸಾಲು ಉಳಿದಿದೆ, ಅಲ್ವಾ? ಯಾಕೆಂದರೆ ನಿಲ್ಲಲು ಬೇರೆ ಕಾರಣಗಳಿವೆ. ಟೋಲ್. ಆರ್‌ಟಿಒ ಕಾಗದಪತ್ರ. ಮಿತಿಮೀರಿದ ಭಾರ. ಗೋವಾ ಕಡೆಯಿಂದ ಬರುವವರಿಗೆ ಅಬಕಾರಿ ತಪಾಸಣೆ. ಚುನಾವಣೆ ಬಂದರೆ ಪೊಲೀಸ್ ತಪಾಸಣೆ.

ಮೊದಲ ಅಳತೆ ಇದೇ: ವಾಹನ ಯಾವ ಕಾರಣಕ್ಕೆ ನಿಲ್ಲುತ್ತಿದೆ? ಕಾಗದಕ್ಕೆ ನಿಲ್ಲುವ ಕಡೆ ತೂಕದ ಯಂತ್ರ ಹಾಕಿದರೆ ದುಡ್ಡು ಸುಮ್ನೆ ಹೋಯಿತು. ಡಿಕ್ಕಿ ತೆಗೆಸಿ ನೋಡುವ ಕಡೆ ಟ್ಯಾಗ್ ಓದುವ ಯಂತ್ರ ಹಾಕಿದರೂ ಅಷ್ಟೇ.

ಎರಡನೆಯದು, ಒಂದು ವಾಹನಕ್ಕೆ ಎಷ್ಟು ಸೆಕೆಂಡು ಉಳಿಯುತ್ತದೆ, ಅದೂ ದಟ್ಟಣೆಯ ಹೊತ್ತಿನಲ್ಲಿ. ಇದು ಸಣ್ಣ ಲೆಕ್ಕ ಅನ್ನಿಸಬಹುದು. ಗಂಟೆಗೆ 120 ಲಾರಿ ಬರುತ್ತವೆ, ಕೌಂಟರ್ ಒಂದೇ, ಒಂದು ಲಾರಿಗೆ 40 ಸೆಕೆಂಡು ಅಂತಿಟ್ಟುಕೊಳ್ಳಿ. ಗಂಟೆಗೆ ದಾಟುವುದು 90. ಉಳಿದದ್ದು 30. ಎರಡು ಗಂಟೆಗೆ 60 ಲಾರಿ ನಿಂತವು. ಒಂದಕ್ಕೆ 15 ಮೀಟರ್ ಹಿಡಿದರೂ 900 ಮೀಟರ್ ಸಾಲು. ಅದೇ 40 ಸೆಕೆಂಡು 25ಕ್ಕೆ ಇಳಿದರೆ ಗಂಟೆಗೆ 144 ದಾಟಬಹುದು, ಸಾಲು ಬೆಳೆಯುವುದೇ ಇಲ್ಲ. ಬರೀ 15 ಸೆಕೆಂಡಿನ ಆಟ. ಹೆದ್ದಾರಿ ಪ್ರಾಧಿಕಾರ 2021ರಲ್ಲಿ ಟೋಲ್ ಬೂತ್‌ಗೆ ವಾಹನವೊಂದಕ್ಕೆ 10 ಸೆಕೆಂಡಿನ ಗುರಿ ಇಟ್ಟದ್ದು ಇದಕ್ಕೇ.

ಮೂರನೆಯದು, ಹಿಡಿದ ವಾಹನ ಎಲ್ಲಿ ನಿಲ್ಲುತ್ತದೆ? ಪಕ್ಕದಲ್ಲಿ ಜಾಗ ಇಲ್ಲದಿದ್ದರೆ ಅದು ರಸ್ತೆಯಲ್ಲೇ ನಿಂತು ಹಿಂದಿನವರ ದಾರಿ ಮುಚ್ಚುತ್ತದೆ. ಚಿಕ್ಕೋಡಿ, ಅಥಣಿ ಕಡೆಯಿಂದ ಮಿರಜದ ಆಸ್ಪತ್ರೆಗೆ ಹೋಗುವ ಆಂಬುಲೆನ್ಸ್ ಆ ಸಾಲಿನ ಹಿಂದೆಯೇ ಸಿಕ್ಕಿಕೊಳ್ಳುತ್ತದೆ.

ಇನ್ನೂ ಎರಡಿವೆ. ಬಿಗಿ ಮಾಡಿದರೆ ಲಾರಿಗಳು ಯಾವ ಒಳದಾರಿ ಹಿಡಿಯುತ್ತವೆ? ಕೆಟ್ಟರೆ ರಿಪೇರಿ ಮಾಡುವವರು ಯಾರು, ಎಷ್ಟು ದಿನದಲ್ಲಿ ಬರುತ್ತಾರೆ? ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆ ಖರೀದಿ ಬೆಲೆಗಿಂತ ದೊಡ್ಡದು.

ಫಾಸ್ಟ್ಯಾಗ್ ಓದುವ ಯಂತ್ರ

ಇದರ ದೊಡ್ಡ ಗುಣ ಅಂದರೆ ಅರ್ಧ ಖರ್ಚು ಆಗಲೇ ಆಗಿಹೋಗಿದೆ. 2021ರ ಫೆಬ್ರುವರಿ ಮಧ್ಯದಿಂದ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಹೆದ್ದಾರಿ ಲಾರಿಗಳ ಗಾಜಿಗೆಲ್ಲ ಟ್ಯಾಗ್ ಅಂಟಿದೆ. ಅದಕ್ಕೆ ಬ್ಯಾಟರಿ ಬೇಡ. ಯಂತ್ರ ಕಳಿಸುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ವಾಪಸ್ ಹೇಳುತ್ತದೆ. ಇ-ವೇ ಬಿಲ್ ವ್ಯವಸ್ಥೆಗೂ ಫಾಸ್ಟ್ಯಾಗನ್ನು 2021ರಲ್ಲೇ ಜೋಡಿಸಿದ್ದಾರೆ. ಅಂದರೆ ಚೆಕ್‌ಪೋಸ್ಟ್‌ಗೆ ಒಂದೆರಡು ಕಿಲೋಮೀಟರ್ ಮೊದಲೇ ಒಂದು ಕಂಬ ನಿಲ್ಲಿಸಿದರೆ, ಲಾರಿ ಬರುವಷ್ಟರಲ್ಲಿ ಅದರ ವಿವರ ಪರದೆ ಮೇಲೆ ಬಂದಿರಬಹುದು.

ತೊಂದರೆ ಎಲ್ಲಿ? ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆ ತುಂಬಿಕೊಳ್ಳುವ ಟ್ರ್ಯಾಕ್ಟರ್, ಹಿಂದೆ ಎರಡೆರಡು ಟ್ರೇಲರ್, ಎತ್ತಿನ ಗಾಡಿ – ಇವುಗಳನ್ನು ಟ್ಯಾಗ್ ನಂಬಿ ಎಣಿಸಲು ಆಗುವುದಿಲ್ಲ. ಟ್ಯಾಗ್ ಭಾರ ಹೇಳುವುದಿಲ್ಲ. ಒಂದು ವಾಹನದ ಟ್ಯಾಗ್ ಇನ್ನೊಂದರ ಗಾಜಿನಲ್ಲಿದ್ದರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಖಾತೆಯಲ್ಲಿ ದುಡ್ಡಿಲ್ಲದ ಒಂದು ಟ್ಯಾಗ್ ಸಾಕು, ಇಡೀ ಲೇನ್ ನಿಲ್ಲುತ್ತದೆ. 2025ರ ನವೆಂಬರ್ 15ರಿಂದ ಟ್ಯಾಗ್ ಇಲ್ಲದವರು ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಅಂತ ನಿಯಮ ಬಂತು. ಚಿಲ್ಲರೆ ಜಗಳ ಅಷ್ಟು ಕಡಿಮೆ ಆದರೂ ಒಳ್ಳೆಯದೇ.

ಬಜೆಟ್ ಸಣ್ಣದಿದ್ದರೆ ಶುರು ಮಾಡಬೇಕಾದದ್ದು ಇಲ್ಲಿಂದ. ಆದರೆ ಟೋಲ್‌ನ ದತ್ತಾಂಶ ಒಂದು ಕಡೆ, ಸಾರಿಗೆ ಇಲಾಖೆಯ ಪರದೆ ಇನ್ನೊಂದು ಕಡೆ ಇದ್ದರೆ ಏನೂ ಉಪಯೋಗವಿಲ್ಲ. ಕಂಬಕ್ಕಿಂತ ಮೊದಲು ಆ ಎರಡರ ನಡುವಿನ ಒಪ್ಪಂದ ಆಗಬೇಕು.

ನಂಬರ್ ಪ್ಲೇಟ್ ಓದುವ ಕ್ಯಾಮೆರಾ

ಟ್ಯಾಗ್ ಇಲ್ಲದವರನ್ನೂ ಇದು ನೋಡುತ್ತದೆ. ಪ್ಲೇಟಿನ ನಂಬರ್ ಓದಿ ವಾಹನ್ ಅನ್ನುವ ಸರ್ಕಾರಿ ನೋಂದಣಿ ದತ್ತಾಂಶದಲ್ಲಿ ಹುಡುಕಿದರೆ ವಿಮೆ, ಫಿಟ್‌ನೆಸ್, ಪರ್ಮಿಟ್, ಹೊಗೆ ಪ್ರಮಾಣಪತ್ರ ಎಲ್ಲ ಕೆಲವೇ ಸೆಕೆಂಡಿನಲ್ಲಿ ಸಿಗುತ್ತದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಪ್ಲೇಟ್ ಕಡ್ಡಾಯ ಆದಮೇಲೆ ಓದುವುದು ಸುಲಭವಾಗಿದೆ, ಅಕ್ಷರ ಎಲ್ಲ ಒಂದೇ ಥರ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗ ಹಿಡಿಯಲು 2024ರಿಂದ ಇಂಥ ಕ್ಯಾಮೆರಾಗಳೇ ಕೆಲಸ ಮಾಡುತ್ತಿವೆ.

ಅದು ಮೈಸೂರು ರಸ್ತೆ. ನಮ್ಮ ಕಡೆ ಕಬ್ಬಿನ ತುದಿ ಪ್ಲೇಟಿನ ಮೇಲೆ ಜೋತುಬಿದ್ದಿರುತ್ತದೆ. ಟ್ರೇಲರ್ ಹಿಂದೆ ಪ್ಲೇಟೇ ಕಾಣುವುದಿಲ್ಲ. ಗೋವಾ ದಾರಿಯ ಕಣಕುಂಬಿ ಕಡೆ ಮಳೆಗಾಲದಲ್ಲಿ ಮಂಜು ಮುಸುಕಿದರೆ ಮನುಷ್ಯರ ಕಣ್ಣಿಗೇ ರಸ್ತೆ ಕಾಣುವುದಿಲ್ಲ, ಇನ್ನು ಕ್ಯಾಮೆರಾ? ಪ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಇರಬೇಕು ಅಂತ ನಿಯಮ ಇದ್ದರೂ ಅಭಿಮಾನಕ್ಕೆ ಕನ್ನಡದಲ್ಲೋ ದೇವನಾಗರಿಯಲ್ಲೋ ಬರೆಸಿಕೊಂಡವರು ಗಡಿಯ ಎರಡೂ ಕಡೆ ಇದ್ದಾರೆ.

ಮಾರುವವರು ನೂರಕ್ಕೆ 95 ಸರಿ ಓದುತ್ತದೆ ಅಂದರೆ ತಲೆಯಾಡಿಸಬೇಡಿ. ದಿನಕ್ಕೆ 4,000 ವಾಹನ ದಾಟುವ ಕಡೆ ಅದರರ್ಥ ದಿನವೂ 200 ತಪ್ಪು. ಆ 200ರಲ್ಲಿ ಯಾರದೋ ದಂಡ ಇನ್ಯಾರದೋ ಮನೆಗೆ ಹೋಗಬಹುದು. ರಾತ್ರಿ, ಮಳೆಯಲ್ಲಿ, ಹಂಗಾಮಿನಲ್ಲಿ ಎಷ್ಟು ಸರಿ ಓದುತ್ತದೆ ಅಂತ ಬೇರೆ ಬೇರೆಯಾಗಿ ಕೇಳಿ.

ಇನ್ನೊಂದು ಮಾತು. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮದ ಪ್ರಕಾರ, ಕಾಗದಪತ್ರ ಸರಿ ಇದೆ ಅಂತ ಎಲೆಕ್ಟ್ರಾನಿಕ್ ಆಗಿ ಖಚಿತವಾದರೆ ಮತ್ತೆ ಕಾಗದದ ಪ್ರತಿ ಕೇಳುವಂತಿಲ್ಲ. ಸಮಯ ಉಳಿಯುವುದು ಈ ನಿಯಮದಿಂದ. ಕ್ಯಾಮೆರಾ ಅದನ್ನು ಬೇಗ ಮಾಡಿಸುತ್ತದೆ ಅಷ್ಟೇ. ಪರದೆ ಹಸಿರು ತೋರಿಸಿದ ಮೇಲೂ ಲಾಠಿ ಅಡ್ಡ ಬಂದು, ಡ್ರೈವರ್ ಫೈಲ್ ಹಿಡಿದು ಇಳಿಯಬೇಕಾದರೆ ಕ್ಯಾಮೆರಾ ಯಾಕೆ? ಕಾಗದ ತೋರಿಸುವಾಗ ಬೇರೆ ಏನೇನು ಕೈ ಬದಲಾಗುತ್ತದೆ ಅಂತ ಡ್ರೈವರ್‌ಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಓಡುವಾಗಲೇ ತೂಗುವ ಪಟ್ಟಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬೆಳಗಾವಿ, ವಿಜಯಪುರ, ಬಾಗಲಕೋಟೆ – ನಮ್ಮ ಮೂರು ಜಿಲ್ಲೆಗಳ ಲಾರಿ ದಾಟುವ ಗಡಿಗೆ ಹೆಚ್ಚು ಹೊಂದುವುದೂ ಇದೇ, ಹೆಚ್ಚು ಕೆಡುವುದೂ ಇದೇ.

ಭಾರ ಯಾಕೆ ಮುಖ್ಯ ಅಂದರೆ, ರಸ್ತೆ ಹಾಳಾಗುವುದು ಭಾರ ಏರಿದ ಪ್ರಮಾಣದಲ್ಲಿ ಅಲ್ಲ. ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು. ಅಮೆರಿಕದ ಇಲಿನಾಯ್ಸ್‌ನಲ್ಲಿ 1950ರ ದಶಕದ ಕೊನೆಯಲ್ಲಿ ಲಾರಿ ಓಡಿಸಿ ಓಡಿಸಿ ಕಂಡುಕೊಂಡ ಲೆಕ್ಕ ಇದು. ನಮ್ಮಲ್ಲಿ 2018ರಲ್ಲಿ ಭಾರದ ಮಿತಿಯನ್ನೇ ಏರಿಸಿದರು. ಮೂರು ಅಚ್ಚಿನ ಲಾರಿಗೆ 25 ಟನ್ ಇದ್ದದ್ದು 28.5 ಟನ್ ಆಯಿತು. ಅದನ್ನೂ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ 2,000 ಬೇರೆ. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಬೇಕು.

ಎಲ್ಲ ಲಾರಿಯನ್ನೂ ಕಾಟಾ ಮೇಲೆ ಹತ್ತಿಸಿದರೆ ಒಂದೊಂದಕ್ಕೂ ನಿಮಿಷಗಟ್ಟಲೆ ಹೋಗುತ್ತದೆ. ರಸ್ತೆಯಲ್ಲೇ ಹುದುಗಿಸಿದ ಸೆನ್ಸರ್ ಪಟ್ಟಿ ಆ ಕೆಲಸವನ್ನು ಜರಡಿಯ ಹಾಗೆ ಮಾಡುತ್ತದೆ. ಲಾರಿ ಪಟ್ಟಿಯ ಮೇಲೆ ಹಾದುಹೋಗುವಾಗ ಪ್ರತಿ ಅಚ್ಚಿನ ಭಾರದ ಅಂದಾಜು ಸಿಗುತ್ತದೆ. ಮಿತಿಯೊಳಗೆ ಇದ್ದವರು ನಿಲ್ಲದೇ ಮುಂದೆ, ಅನುಮಾನ ಇದ್ದವರು ಮಾತ್ರ ಪಕ್ಕದ ಲೇನಿನ ಕಾಟಾಕ್ಕೆ. ಅಮೆರಿಕದಲ್ಲಿ 1990ರ ದಶಕದಿಂದ ಪ್ರೀಪಾಸ್ ಅನ್ನುವ ವ್ಯವಸ್ಥೆ ನಡೆಯುತ್ತಿದೆ. ಒಳ್ಳೆಯ ದಾಖಲೆ ಇರುವ ಲಾರಿಗೆ ತೂಕದ ಠಾಣೆ ಬರುವ ಮೊದಲೇ ಹಸಿರು ಸಂಕೇತ ಸಿಗುತ್ತದೆ, ಅದು ಹೆದ್ದಾರಿ ಬಿಡುವುದೇ ಇಲ್ಲ.

ಈಗ ಕಷ್ಟ ಕೇಳಿ. ಈ ಪಟ್ಟಿಗೆ ಸಪಾಟಾದ, ನೇರವಾದ, ಕುಸಿಯದ ರಸ್ತೆ ಬೇಕು. ಸ್ವಲ್ಪ ಏರಿಳಿತ ಇದ್ದರೂ ಲಾರಿ ಕುಣಿಯುತ್ತದೆ, ತೂಕ ತಪ್ಪುತ್ತದೆ. ಇಂಡಿ, ಝಳಕಿ ಸೀಮೆಯದು ಎರೆ ಮಣ್ಣು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಡಾಂಬರಿನಲ್ಲಿ ಸೆನ್ಸರ್ ಹೂತು ಬಿಟ್ಟರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಳತೆ ಓಡಾಡಲು ಶುರುವಾಗುತ್ತದೆ. ಕೆಳಗಿನ ಮಣ್ಣು ತೆಗೆದು, ಗಟ್ಟಿ ತಳ ಹಾಕಿ, ಕಾಂಕ್ರೀಟ್ ಮಾಡಿ ಕೂರಿಸಬೇಕು. ಆಗ ಖರ್ಚಿನ ದೊಡ್ಡ ಪಾಲು ಯಂತ್ರದ್ದಲ್ಲ, ರಸ್ತೆಯದ್ದು. ಬೆಲೆಪಟ್ಟಿಯಲ್ಲಿ ಇದು ಕಾಣದಿದ್ದರೆ ಕೇಳಿ ಬರೆಸಿಕೊಳ್ಳಿ.

ಕಾಕಂಬಿ, ಹಾಲು ತುಂಬಿದ ಟ್ಯಾಂಕರ್‌ಗಳದ್ದು ಬೇರೆ ಕತೆ. ಒಳಗಿನ ದ್ರವ ಹೊಯ್ದಾಡಿ ಅಚ್ಚಿನ ಭಾರ ಮುಂದೆ ಹಿಂದೆ ಆಗುತ್ತದೆ. ಅದಕ್ಕೇ ಓಡುವಾಗ ಸಿಕ್ಕ ಅಂಕಿ ಬರೀ ಅನುಮಾನಕ್ಕೆ. ದಂಡ ಹಾಕಲು ನಿಲ್ಲಿಸಿ ತೂಗಿದ, ತೂಕ–ಅಳತೆ ಇಲಾಖೆಯ ಮುದ್ರೆ ಬಿದ್ದ ಕಾಟಾದ ಅಂಕಿಯೇ ಇರಲಿ, ಜಗಳ ಕಡಿಮೆ.

ಹಿಡಿದ ಲಾರಿಯ ಮಾಲು ಇಳಿಸಲು ಅಂಗಳ ಬೇಕು. ಈರುಳ್ಳಿ, ಮುಧೋಳ ಕಡೆಯ ಸಿಮೆಂಟ್, ಕಬ್ಬು, ಯಾವುದೇ ಇರಲಿ. ಬಾಗಲಕೋಟೆ ಜಿಲ್ಲೆಗೆ ಹೊರರಾಜ್ಯದ ಗಡಿ ಇಲ್ಲ ನಿಜ, ಆದರೆ ಅಲ್ಲಿನ ಮಾಲು ಮಹಾರಾಷ್ಟ್ರಕ್ಕೆ ಹೋಗಬೇಕಾದರೆ ಈ ಸಾಲುಗಳನ್ನೇ ದಾಟಬೇಕು. ಅಂಗಳ ಇಲ್ಲದ ಕಡೆ ತೂಕದ ಪಟ್ಟಿ ಹಾಕಿದರೆ ಸಾಲು ಕರಗುವುದಿಲ್ಲ, ಹೆಚ್ಚುತ್ತದೆ.

ಒಳದಾರಿಯನ್ನೂ ಮರೆಯಬೇಡಿ. ಹೆದ್ದಾರಿಯಲ್ಲಿ ತೂಗುತ್ತಾರೆ ಅಂತ ಗೊತ್ತಾದ ದಿನವೇ ಮಿತಿಮೀರಿದ ಲಾರಿಗಳು ಹಳ್ಳಿಯ ರಸ್ತೆ ಹಿಡಿಯುತ್ತವೆ. ಆ ರಸ್ತೆಗಳು ಅಷ್ಟು ಭಾರಕ್ಕೆ ಕಟ್ಟಿದವಲ್ಲ. ಪಟ್ಟಿಯ ಜೊತೆಗೆ ಒಳದಾರಿಯ ಬಾಯಲ್ಲಿ ಒಂದು ಅಗ್ಗದ ಕ್ಯಾಮೆರಾ ಅಥವಾ ಎತ್ತರ ತಡೆಯುವ ಕಮಾನು ಇರಲೇಬೇಕು. ಕಮಾನು ಹಾಕುವಾಗ ಬಸ್ಸು ಹೋಗುವ ದಾರಿ ಬಿಡಿ.

ಮುಂಚೆಯೇ ಹೇಳುವ ಫಲಕ

ಸಾಲನ್ನು ಕರಗಿಸುವುದಿಲ್ಲ, ಸಾಲಿಗೆ ಸೇರುವವರನ್ನು ಕಡಿಮೆ ಮಾಡುತ್ತದೆ. ಅಮೆರಿಕ–ಕೆನಡಾ ನಡುವಿನ ಪೀಸ್ ಬ್ರಿಜ್‌ನಲ್ಲಿ ವಾಹನದೊಳಗಿನ ಫೋನ್‌ಗಳ ಬ್ಲೂಟೂತ್ ಗುರುತನ್ನು ಎರಡು ಕಡೆ ಓದಿ, ನಡುವೆ ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕಿ ಚಾಲಕರಿಗೆ ತಿಳಿಸುವ ಏರ್ಪಾಡು ಮಾಡಿದ್ದರು. ಅಮೆರಿಕ–ಮೆಕ್ಸಿಕೊ ಗಡಿಯಲ್ಲಿ ಲಾರಿಗಳಿಗೆ ಇದೇ ಕೆಲಸವನ್ನು ರೇಡಿಯೊ ಟ್ಯಾಗ್‌ನಿಂದ ಮಾಡಿದ್ದಾರೆ. ಈಗಿನ ಫೋನ್‌ಗಳು ಬ್ಲೂಟೂತ್ ಗುರುತನ್ನು ಆಗಾಗ ಬದಲಿಸುತ್ತವೆ, ಹಾಗಾಗಿ ಹೊಸದಾಗಿ ಮಾಡುವವರಿಗೆ ಫಾಸ್ಟ್ಯಾಗೇ ವಾಸಿ. ಮೊಬೈಲ್ ನಕ್ಷೆಯ ಕೆಂಪು ಗೆರೆ ಪುಕ್ಕಟೆ ಸಿಗುತ್ತದಲ್ಲ ಅಂತ ಕೇಳಬಹುದು. ಸಿಗುತ್ತದೆ. ಆದರೆ ನಿಂತದ್ದು ಲಾರಿ ಲೇನೋ ಕಾರ್ ಲೇನೋ ಅನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ.

ಫಲಕ ಎಲ್ಲಿರಬೇಕು ಅನ್ನುವುದೇ ಇಲ್ಲಿ ಮುಖ್ಯ. ಬೆಳಗಾವಿಯಿಂದ ಹೊರಟವನಿಗೆ ಸಂಕೇಶ್ವರದಲ್ಲಿ ಗೊತ್ತಾದರೆ ಗಡಹಿಂಗ್ಲಜ ಕಡೆ ತಿರುಗಬಹುದು. ಕೊಗನೊಳ್ಳಿಯ ಬೂತ್ ಕಂಡಮೇಲೆ ಹೇಳಿದರೆ ಏನು ಬಂತು? ಚೋರ್ಲಾ ಘಾಟಿಗೆ ಹೋಗುವವರಿಗೆ ಜಾಂಬೋಟಿಯೇ ಸರಿಯಾದ ಜಾಗ. ಅಲ್ಲಿಂದ ಖಾನಾಪುರಕ್ಕೆ ತಿರುಗಿ ರಾಮನಗರ, ಅನಮೋಡ ದಾರಿ ಹಿಡಿಯಬಹುದು.

ಟೋಕನ್, ಅಂದರೆ ಸಮಯ ಬುಕ್ ಮಾಡುವುದು

ಎಸ್ಟೋನಿಯಾ 2011ರಲ್ಲಿ ರಷ್ಯಾ ಗಡಿಗೆ ಇದನ್ನು ತಂದಿತು. 2024ರ ಫೆಬ್ರುವರಿಯಲ್ಲಿ ವಾಹನ ಓಡಾಟ ನಿಲ್ಲುವವರೆಗೂ ನಾರ್ವಾ ಊರಿನಲ್ಲಿ ಗಡಿ ದಾಟುವವರು ಆನ್‌ಲೈನ್‌ನಲ್ಲಿ ಸಮಯ ಹಿಡಿದು, ಊರ ಹೊರಗಿನ ಅಂಗಳದಲ್ಲಿ ಕಾದು, ಕರೆದಾಗ ಹೋಗುತ್ತಿದ್ದರು. ರಸ್ತೆಯಲ್ಲಿ ಸಾಲು ಇರುತ್ತಿರಲಿಲ್ಲ. ಬಾಂಗ್ಲಾದೇಶಕ್ಕೆ ಹೋಗುವ ಲಾರಿಗಳಿಗೆ ಪಶ್ಚಿಮ ಬಂಗಾಳ ಸರ್ಕಾರ ಸುವಿಧಾ ಹೆಸರಿನಲ್ಲಿ ಇಂಥದೇ ವ್ಯವಸ್ಥೆ ಮಾಡಿದೆ, ಅದಕ್ಕೆ ಶುಲ್ಕವೂ ಇದೆ.

ನಮ್ಮ ಗಡಿಗೆ? ನೇರವಾಗಿ ಬರುವುದಿಲ್ಲ. ದೇಶದೊಳಗೆ ವ್ಯಾಪಾರ, ಓಡಾಟ ಮುಕ್ತ ಅಂತ ಸಂವಿಧಾನದ 301ನೇ ವಿಧಿ ಹೇಳುತ್ತದೆ. ಗಡಿಯಾಚೆಯ ಕಾಗಲ್‌ಗೆ ಹೋಗುವವನಿಗೆ ಸಮಯ ಬುಕ್ ಮಾಡು ಅನ್ನಲು ಹೋದರೆ ಮೊದಲ ವಾರವೇ ಕೋರ್ಟ್. ಆದರೆ ಟೋಕನ್‌ಗೆ ಇನ್ನೊಂದು ಜಾಗ ಇದೆ: ಸಕ್ಕರೆ ಕಾರ್ಖಾನೆ. ಕಾಗವಾಡ, ಅಥಣಿ ಸುತ್ತಿನ ಕಬ್ಬು ಗಡಿಯ ಎರಡೂ ಕಡೆ ಓಡಾಡುತ್ತದೆ. ಕಾರ್ಖಾನೆಯ ಯಾರ್ಡ್ ತುಂಬಿದರೆ ಟ್ರ್ಯಾಕ್ಟರ್‌ಗಳು ರಸ್ತೆಗೆ ಬರುತ್ತವೆ, ಗಡಿಯವರೆಗೂ ನಿಲ್ಲುತ್ತವೆ. ಕಟಾವಿನ ಸರದಿಯನ್ನು ಕಾರ್ಖಾನೆ ಹೇಗೂ ಚೀಟಿಯಲ್ಲಿ ಕೊಡುತ್ತದೆ. ಅದಕ್ಕೆ ಯಾರ್ಡ್ ತಲುಪುವ ಹೊತ್ತನ್ನೂ ಸೇರಿಸಿ ಮೊಬೈಲ್‌ಗೆ ಕಳಿಸಿದರೆ ಗಾಡಿ ತನ್ನ ಹೊತ್ತು ನೋಡಿಕೊಂಡೇ ಹೊಲದಿಂದ ಹೊರಡುತ್ತದೆ. ಖರ್ಚು ಬಹಳ ಕಡಿಮೆ. ಬೇಕಾದದ್ದು ಎರಡು ರಾಜ್ಯದ ಕಾರ್ಖಾನೆಗಳ ಒಪ್ಪಿಗೆ, ಅದೇ ಕಷ್ಟ.

ಉಪಗ್ರಹದ ಟೋಲ್ ಬಗ್ಗೆಯೂ ಕೇಳುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿದ್ದಾರೆ. ಅದು ದೂರ ಅಳೆದು ಶುಲ್ಕ ಹಿಡಿಯುವ ಸಾಧನ. ಗಡಿ ತಪಾಸಣೆಗೆ ಸಂಬಂಧವಿಲ್ಲ, ಬಿಟ್ಟುಬಿಡಿ.

ಹಾಗಾದರೆ ಎಲ್ಲಿಗೆ ಯಾವುದು?

ಕೊಗನೊಳ್ಳಿ ದೊಡ್ಡ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ 48, ಪುಣೆ–ಬೆಂಗಳೂರು ನಡುವಿನ ಮುಖ್ಯ ನರ. ಜಾಗ ಇದೆ, ಟೋಲ್ ಇದೆ, ವಿದ್ಯುತ್ ಇದೆ. ಇಲ್ಲಿ ಮೊದಲೇ ಟ್ಯಾಗ್ ಓದುವ ಕಂಬ, ತೂಕದ ಪಟ್ಟಿ, ಪಕ್ಕದ ಕಾಟಾ, ಮೂರನ್ನೂ ಒಟ್ಟಿಗೆ ಕೂರಿಸಿದರೆ ಮಾತ್ರ ಹಾಕಿದ ಕೋಟಿಗಳಿಗೆ ಅರ್ಥ. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಟ್ಯಾಗ್ ಕಂಬ ಆರಿಸಿ, ಉಳಿದದ್ದರಲ್ಲಿ ಆಂಬುಲೆನ್ಸ್ ಮತ್ತು ಬಸ್ಸಿಗೆ ಒಂದು ಲೇನ್ ಗಟ್ಟಿ ಮಾಡಿ. ಭಾಷೆಯ ಗಲಾಟೆ ಎದ್ದು ಬಸ್ಸುಗಳೇ ನಿಂತ ದಿನ ಯಾವ ಲೇನೂ ಕೆಲಸಕ್ಕೆ ಬರುವುದಿಲ್ಲ, ಆ ಮಾತು ಬೇರೆ.

ಝಳಕಿಯಲ್ಲಿ ಸೊಲ್ಲಾಪುರದ ಕಡೆಯ ಲಾರಿಗಳ ಜೊತೆ ಇಂಡಿಯ ಲಿಂಬೆಯೂ ದಾಟುತ್ತದೆ. 2023ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕ ಲಿಂಬೆ ಅದು. ಬಿಸಿಲಲ್ಲಿ ನಿಂತು ಬಾಡಿದರೆ ಪೇಟೆಯಲ್ಲಿ ದರ ಬೀಳುತ್ತದೆ. ಇಲ್ಲಿ ನಾನು ಕ್ಯಾಮೆರಾ ಮತ್ತು ವಾಹನ್ ಜೋಡಣೆಗೆ ಮೊದಲ ಸ್ಥಾನ ಕೊಡುತ್ತೇನೆ. ಕಾಗದ ಸರಿ ಇರುವ ಲಾರಿ ನಿಲ್ಲಬಾರದು. ತೂಕದ ಪಟ್ಟಿ ಆಮೇಲೆ, ಅದೂ ಎರೆ ಮಣ್ಣಿಗೆ ತಕ್ಕ ತಳ ಹಾಕುವ ದುಡ್ಡು ಕೈಯಲ್ಲಿದ್ದರೆ.

ಕಾಗವಾಡಕ್ಕೆ ಕಾರ್ಖಾನೆ ಟೋಕನ್. ಜೊತೆಗೆ ಟ್ರೇಲರ್‌ಗಳ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ. ಇಷ್ಟು ಸಾಕು.

ಕಣಕುಂಬಿಯಲ್ಲಿ ಕೊಳ್ಳಲು ಏನೂ ಇಲ್ಲ ಅಂದರೂ ನಡೆಯುತ್ತದೆ. ಅಲ್ಲಿ ವಾರದ ಕೊನೆಗೆ ಗೋವಾದಿಂದ ವಾಪಸ್ ಬರುವ ಕಾರುಗಳ ಡಿಕ್ಕಿ ನೋಡುತ್ತಾರೆ, ಬಾಟಲಿಗಾಗಿ. ಡಿಕ್ಕಿ ತೆಗೆಯುವ ಸೆನ್ಸರ್ ಇನ್ನೂ ಬಂದಿಲ್ಲ. ಎಲ್ಲ ಕಾರನ್ನೂ ನಿಲ್ಲಿಸುವ ಬದಲು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ, ಪಕ್ಕಕ್ಕೆ ಕರೆದು ನೋಡಬಹುದು. ನಸುಕಿನಲ್ಲಿ ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ತರಕಾರಿ ಗಾಡಿಗಳಿಗೆ ಜಾಂಬೋಟಿಯ ಫಲಕ ಒಂದೇ ದೊಡ್ಡ ಉಪಕಾರ. ಕಾಡಿನ ನಡುವೆ ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ, ಫಲಕಕ್ಕೆ ಸೌರಶಕ್ತಿ ಮತ್ತು ಬ್ಯಾಟರಿ ಇರಲಿ.

ಯಾವುದನ್ನೇ ಆರಿಸಿ, ಟೆಂಡರಿನಲ್ಲಿ ಐದು ವರ್ಷದ ನಿರ್ವಹಣೆ ಸೇರಿಸಿ. ಯಂತ್ರ ನಿಂತ ದಿನಗಳಿಗೆ ಹಣ ಕಡಿತ ಅಂತ ಬರೆಸಿ. ನಂಬರ್ ಪ್ಲೇಟಿನ ಚಿತ್ರಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರು ನೋಡಬಹುದು ಅನ್ನುವುದನ್ನೂ ಬರೆಸಿ.

ಇದಕ್ಕೆಲ್ಲ ಮೊದಲು ಒಂದು ಪುಕ್ಕಟೆ ಕೆಲಸ ಇದೆ. ಸಾಲಿನ ಬಾಲದಲ್ಲಿ ಒಬ್ಬರು, ಚೆಕ್‌ಪೋಸ್ಟ್ ದಾಟಿದ ಕಡೆ ಒಬ್ಬರು ನಿಲ್ಲಲಿ. ಬಂದ ಲಾರಿಯ ಕೊನೆಯ ನಾಲ್ಕು ಅಂಕಿ ಮತ್ತು ಗಂಟೆ–ನಿಮಿಷ ಬರೆದುಕೊಳ್ಳಲಿ. ನಡುವೆ ನಿಂತ ಮೂರನೆಯವರು ಲಾರಿ ಯಾಕೆ ನಿಂತಿತು ಅನ್ನುವುದನ್ನು ಬರೆಯಲಿ: ಟೋಲ್, ಕಾಗದ, ತೂಕ, ತಪಾಸಣೆ. ಹಂಗಾಮಿನ ಒಂದು ರಾತ್ರಿ, ಒಂದು ಸೋಮವಾರ ಬೆಳಿಗ್ಗೆ, ಒಂದು ಭಾನುವಾರ ಸಂಜೆ ಇಷ್ಟು ಮಾಡಿ, ಮೂರೂ ಪಟ್ಟಿ ಹೊಂದಿಸಿದರೆ ನಿಮ್ಮ ಗಡಿಯಲ್ಲಿ ಯಾವ ಕಾರಣಕ್ಕೆ ಎಷ್ಟು ನಿಮಿಷ ಹೋಗುತ್ತಿದೆ ಅಂತ ಕಾಣುತ್ತದೆ. ಹೆದ್ದಾರಿಯಾದರೆ ಆ ಹಾಳೆಯನ್ನು ಪ್ರಾಧಿಕಾರದ ಕಚೇರಿಗೆ, ರಾಜ್ಯ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ ಕೊಡಿ.